ಹತ್ತೊಂಬತ್ತನೆಯ ನೋವು

ನಮ್ಮೂರಿನಲ್ಲಿ ವೀಳ್ಯ ಕೊಟ್ಟು ಯಾರನ್ನಾದರೂ ಕೆಲಸಕ್ಕೆ ಕರೆದರೆ, ಅಂದಿನಿಂದ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರ ಮೈಕೈ ನೋವೆಲ್ಲ ವೀಳ್ಯ ಕೊಟ್ಟವರ ಮೈಗೆ ಬಂದು ಸೇರುತ್ತದೆ. ಕೆಲಸ ಮಾಡಿದವರು ಕೈಬೀಸಿಕೊಂಡು ಹಗುರವಾಗಿ ಮನೆಗೆ ಹೋಗುತ್ತಾರೆ, ಕೆಲಸ ಕೊಟ್ಟವರು ಗೋಡೆ ಹಿಡಿದುಕೊಂಡು ಏಳುತ್ತಾರೆ. ವೀಳ್ಯಕ್ಕೆ ಕೆಲಸದ ನೋವು, ಮನೆಯ ನೋವು ಎಂಬ ಭೇದವೂ ಇಲ್ಲ. ಹಲ್ಲುನೋವಿದ್ದರೆ ಅದೂ ಬರುತ್ತದೆ. ಇಂದಿನದು ಕರಗುವಷ್ಟರಲ್ಲಿ ನಾಳೆಯ ಸಂಜೆಯಾಗಿರುತ್ತದೆ. ಇದು ಯಾಕೆ ಹೀಗೆ ಎಂದು ನಾವ್ಯಾರೂ ತಲೆ ಕೆಡಿಸಿಕೊಂಡವರಲ್ಲ. ಸಂಜೆಯಾದರೆ ಸೊಳ್ಳೆ ಬರುವ ಹಾಗೆ ಇದೂ ಬರುತ್ತದೆ. ಆದರೆ ತಪ್ಪಿಸಿಕೊಳ್ಳುವ ದಾರಿಯನ್ನು ಮಾತ್ರ ನಮ್ಮ ಅಜ್ಜಂದಿರ ಕಾಲಕ್ಕೇ ಹುಡುಕಿಟ್ಟುಕೊಂಡಿದ್ದೆವು. ಗುತ್ತಿಗೆ ಎಂದು ಅದಕ್ಕೆ ಹೆಸರು. ವೀಳ್ಯವನ್ನು ನಾವು ಮುಟ್ಟದೆ ಗುತ್ತಿಗೆಯವರ ಕೈಯಿಂದ ಕೊಡಿಸಿದರಾಯಿತು. ಕೆಲಸ ನಮ್ಮ ಸೂರಿನ ಕೆಳಗೆ, ನೋವು ಅವರ ಮೈಯೊಳಗೆ.

ನನ್ನದು ಹಪ್ಪಳದ ಕಾರ್ಖಾನೆ. ಅಪ್ಪ ಮಾಡಿಟ್ಟು ಹೋದದ್ದು. ಹಿಟ್ಟು ಕುಟ್ಟುವವರು ನಾಲ್ವರು, ಲಟ್ಟಿಸುವ ಹೆಂಗಸರು ಹತ್ತು ಜನ, ಮಾಳಿಗೆಯ ಮೇಲೆ ಬಿಸಿಲಿಗೆ ಹರವುವವರು ನಾಲ್ವರು. ಈ ಹದಿನೆಂಟು ಜನಕ್ಕೂ ವೀಳ್ಯ ಕೊಟ್ಟವರು ಚೆನ್ನಾಜಮ್ಮ. ಅರವತ್ತು ದಾಟಿದ ಗಿಡ್ಡ ಹೆಂಗಸು, ಗಂಡ ಮಕ್ಕಳಿಲ್ಲ. ಇಪ್ಪತ್ತು ವರ್ಷ ದಿನಾ ಸಂಜೆ ನಮ್ಮ ಕಾರ್ಖಾನೆಯ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತು, ಮನೆಗೆ ಬಂದ ನೆಂಟರನ್ನು ಎದುರುಗೊಳ್ಳುವ ಹಾಗೆ ಒಂದೊಂದನ್ನೇ ಒಳಗೆ ಕರೆದುಕೊಳ್ಳುತ್ತಿದ್ದರು. "ಬಾರಪ್ಪ ಈರಭದ್ರ, ಭುಜ ತಂದೆಯಾ? ಗಿರಿಜೆ, ನಿನ್ನ ತಲೆ ಇವತ್ತು ಯಾಕೆ ಇಷ್ಟು ತಡ ಮಾಡ್ತು?" ನಾನು ಒಳಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕಾಫಿ ಚೆನ್ನಾಗಿರುತ್ತಿತ್ತು.

ಈ ಸಲ ಯುಗಾದಿ ಕಳೆದದ್ದೇ ಪುರಸಭೆಯವರು ಹೊಸ ನಿಯಮ ತಂದರು. ಯಾವ ಉದ್ಯಮದ್ದೇ ಆಗಲಿ, ಮುಖ್ಯ ಕೆಲಸಕ್ಕೆ ಇನ್ನು ಗುತ್ತಿಗೆ ಕೂಡದು, ಸೂರಿನ ಯಜಮಾನನೇ ತನ್ನ ಕೈಯಾರೆ ವೀಳ್ಯ ಕೊಡಬೇಕು. ಕಸ ಗುಡಿಸುವುದು, ಗೇಟು ಕಾಯುವುದು, ಇಂಥ ಪಕ್ಕದ ಕೆಲಸಗಳಿಗೆ ಮಾತ್ರ ಗುತ್ತಿಗೆ ಉಂಟು. ಒಂದು ತಿಂಗಳ ಗಡುವು. ಆ ತಿಂಗಳು ನಮ್ಮೂರಿನ ಯಜಮಾನರೆಲ್ಲ ಹರಳೆಣ್ಣೆ ಕುಡಿದ ಮುಖ ಹೊತ್ತು ತಿರುಗಿದೆವು. ಲಾಡ್ಜಿನ ಮುಕುಂದಪ್ಪ ಪುರಸಭೆಗೆ ಹೋಗಿ, ತನ್ನ ಲಾಡ್ಜಿನಲ್ಲಿ ನಡೆಯುವ ಮುಖ್ಯ ಕೆಲಸ ನಿದ್ದೆ, ಅದನ್ನು ಗಿರಾಕಿಗಳೇ ಮಾಡಿಕೊಳ್ಳುತ್ತಾರೆ ಎಂದು ವಾದ ಹೂಡಿದ. ಮರದ ಡಿಪೋದವನು ವೀಳ್ಯವನ್ನು ಇಕ್ಕಳದಲ್ಲಿ ಹಿಡಿದು ಕೊಟ್ಟ, ನೋವು ಇಕ್ಕಳ ದಾಟಿಕೊಂಡೇ ಬಂತು. ಅಕ್ಕಿ ಗಿರಣಿಯ ಐವರು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ಹನ್ನೊಂದು ವರ್ಷವಾಗಿತ್ತು. ಈಗ ಹಮಾಲರನ್ನು ಐದು ಪಾಲು ಮಾಡಿಕೊಂಡು, ಸಂಜೆ ಒಂದೇ ಚಾಪೆಯ ಮೇಲೆ ಸಾಲಾಗಿ ಮಲಗಿ ನರಳತೊಡಗಿದರು. ನರಳುವಾಗ ಹೇಗೋ ಮಾತೂ ಶುರುವಾಯಿತಂತೆ.

ಗಡುವಿನ ಕೊನೆಯ ದಿನ ಚೆನ್ನಾಜಮ್ಮ ತಾವೇ ಎಲೆಯ ಕಟ್ಟು ತಂದು ನನ್ನ ಮುಂದಿಟ್ಟರು. ಹದಿನೆಂಟು ಜನ ಸಾಲಾಗಿ ನಿಂತಿದ್ದರು. ಕೆಲವು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಯಾಕ್ರವ್ವ ಅಳೋದು? ನಾನೇನು ಸತ್ತೆನಾ? ತಗೊಳ್ಳಿ, ಯಜಮಾನ್ರ ಕೈ ನೋಯ್ತದೆ" ಎಂದು ಗದರಿಸಿದರು. ಎಲ್ಲರೂ ತೆಗೆದುಕೊಂಡ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಒಂದು ಮಾತು ಯಜಮಾನ್ರೇ. ಎಲ್ಲಿ ನೋಯ್ತದೋ ಅಲ್ಲಿ ಕೈಯಿಟ್ಟು ಅಮುಕಬೇಡಿ. ಅದು ಇನ್ನೊಬ್ಬರ ಮೈ. ಹೆಣ್ಮಕ್ಕಳದ್ದೂ ಇರ್ತದೆ. ಸುಮ್ನೆ ಬಿಟ್ಟುಬಿಡಬೇಕು." ನಮ್ಮೂರಿನ ಗುತ್ತಿಗೆಯವರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಮರ್ಯಾದೆ ಅದು. ಸರಿ ಎಂದು ತಲೆಯಾಡಿಸಿದೆ.

ಆ ಸಂಜೆಯನ್ನು ನಾನು ಹೇಗೆ ಹೇಳಲಿ? ಮೊದಲು ಎರಡೂ ಮಣಿಕಟ್ಟು ಹಿಡಿದವು, ಹತ್ತು ಹೆಂಗಸರ ಲಟ್ಟಣಿಗೆ ಒಟ್ಟಿಗೇ ಬಂದಿತ್ತು. ಆಮೇಲೆ ಮಂಡಿಗಳು, ಸೊಂಟ, ಬಿಸಿಲಿಗೆ ಕಾದ ನಾಲ್ಕು ತಲೆಗಳು ನನ್ನ ಒಂದೇ ತಲೆಯಲ್ಲಿ. ಕೊನೆಗೆ ಈರಭದ್ರನ ಭುಜ ಬಂತು ನೋಡಿ, ಜೀವ ಬಾಯಿಗೆ ಬಂತು. ಅವನು ಹಿಟ್ಟು ಕುಟ್ಟುವವರಲ್ಲಿ ಎಲ್ಲರಿಗಿಂತ ದೊಡ್ಡ ಆಳು. ನನ್ನ ಹೆಂಡತಿ ಸುನಂದಾ ಬಾಗಿಲಲ್ಲಿ ನಿಂತು ನೋಡಿದಳು. "ಇಷ್ಟನ್ನೂ ಆ ಯಮ್ಮ ದಿನಾ ಕೂತ್ಕೊಂಡು ಮಾತಾಡಿಸ್ತಿದ್ರಲ್ರೀ" ಎಂದಳು.

ಮಾಳಿಗೆಯ ಮೇಲೆ ಒಂದು ಚಪ್ಪರ ಹಾಕಿಸಿ ಎಂದು ಚೆನ್ನಾಜಮ್ಮ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದರು. ಹರವುವವರು ಒಂದಿಷ್ಟು ಹೊತ್ತು ನೆರಳಿಗೆ ನಿಲ್ಲಲಿ ಎಂದು. ಆ ಚಪ್ಪರ ಎರಡೇ ದಿನದಲ್ಲಿ ಎದ್ದು ನಿಂತಿತು. ನೆಲದ ಮೇಲಿನ ಮಣೆಗಳು ಹೋಗಿ ಎತ್ತರದ ಮೇಜುಗಳು ಬಂದವು. ಈರಭದ್ರ ಒಂದು ಗಂಟೆ ಕುಟ್ಟಿದರೆ ಅರ್ಧ ಗಂಟೆ ಕೂತಿರಲೇಬೇಕು ಎಂದು ಆಜ್ಞೆ ಹೊರಡಿಸಿದೆ. ಅವನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ, ಕೈ ಎಲ್ಲಿಡಬೇಕು ಎಂದು ತಿಳಿಯದೆ ಒದ್ದಾಡುತ್ತಿದ್ದ. ನಾನು ಒಳ್ಳೆಯವನಾಗಿಬಿಟ್ಟೆ ಎಂದು ಯಾರೂ ತಿಳಿಯಬಾರದು. ನನಗೆ ನೋಯುತ್ತಿತ್ತು, ಅಷ್ಟೇ.

ಒಂದು ವಾರ ಕಳೆಯಿತು. ಎಂಟನೆಯ ದಿನ ಮಧ್ಯಾಹ್ನ ಚೆನ್ನಾಜಮ್ಮ ಬಂದರು. ಮುಖ ಬಾಡಿತ್ತು, ಆದರೆ ಕಣ್ಣಿನಲ್ಲಿ ಏನೋ ಒಂದು ಗೆಲುವೂ ಇತ್ತು. ಕೂತವರೇ, "ಯಜಮಾನ್ರೇ, ನೀವು ಒಬ್ಬರಿಗೆ ವೀಳ್ಯ ಕೊಟ್ಟಿಲ್ಲ" ಎಂದರು.

"ಹದಿನೆಂಟು ಜನಕ್ಕೂ ಕೊಟ್ಟೆನಲ್ಲ. ನೀವೇ ಪಕ್ಕದಲ್ಲಿದ್ರಿ."

"ಕೊಟ್ಟಿರಿ. ಆದ್ರೆ ಯಾರೋ ಒಬ್ಬರು ತಗೊಂಡ ಹಾಗೆ ಮಾಡಿ ಬಿಟ್ಟಿದಾರೆ. ಒಂದು ನೋವು ನನ್ನ ಹತ್ರಾನೇ ಉಳಿದಿದೆ. ಎಲ್ಲ ಹೋದ್ಮೇಲೆ ಮೈ ಖಾಲಿ ಮನೆ ಆಯ್ತಲ್ಲ, ಅವಾಗ ಗೊತ್ತಾಯ್ತು. ಬಲಗಡೆ, ಪಕ್ಕೆಲುಬಿನ ಕೆಳಗೆ. ಬೆನ್ನಿನವರೆಗೂ ಹೋಗ್ತದೆ. ನಿನ್ನೆ ರಾತ್ರಿ ಎಲ್ಲ ಮಲಗಕ್ಕೆ ಬಿಡಲಿಲ್ಲ."

ನನಗೆ ಗಾಬರಿಯಾಯಿತು. ವಿಚಾರ ಪುರಸಭೆಗೆ ತಿಳಿದರೆ ಕಾರ್ಖಾನೆಗೆ ಬೀಗ ಬೀಳುತ್ತದೆ ಎನ್ನುವುದು ನನ್ನ ಗಾಬರಿ. ಚೆನ್ನಾಜಮ್ಮನ ಚಿಂತೆಯೇ ಬೇರೆ. "ಇದು ಸಣ್ಣ ನೋವಲ್ಲ ಯಜಮಾನ್ರೇ. ಯಾರೋ ಒಳಗೇ ಕಾಯಿಲೆ ಇಟ್ಕೊಂಡು ತಿರುಗ್ತಿದಾರೆ. ಬೇಗ ಹುಡುಕಿ ಡಾಕ್ಟ್ರಿಗೆ ತೋರಿಸ್ಬೇಕು, ಇಲ್ದಿದ್ರೆ ಆ ಜೀವ ಉಳಿಯಲ್ಲ" ಎಂದರು. ಯಾರಿಗೂ ಕೇಳಿಸಬಾರದೆಂಬಂತೆ ಸೇರಿಸಿದರು, "ನನ್ನ ಬಿಟ್ಟು ಹೋಗಕ್ಕೆ ಮನಸ್ಸು ಬರಲಿಲ್ಲ ಅಂತ ಕಾಣ್ತದೆ, ಪಾಪ."

ಸುನಂದಾ ಕಾಫಿಯ ಜೊತೆ ಒಂದು ತಟ್ಟೆ ಕರಿದ ಹಪ್ಪಳ ತಂದಿಟ್ಟಳು. ಚೆನ್ನಾಜಮ್ಮನಿಗೆ ನಮ್ಮ ಉದ್ದಿನ ಹಪ್ಪಳವೆಂದರೆ ಪ್ರಾಣ. ಮಾತಿನ ನಡುವೆ ನಾಲ್ಕೈದು ಮುರಿದು ತಿಂದರು. ಹೋಗಲೆಂದು ಎದ್ದವರು ಹೊಸಿಲ ಹತ್ತಿರ ನಿಂತು, ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು. "ನೋಡಿ, ಈಗ ಜಾಸ್ತಿ ಆಯ್ತು. ಎಣ್ಣೇದು ಆಗಿಬರಲ್ಲ ಅವಳಿಗೆ. ಎಲ್ಲೋ ಕದ್ದು ಕೂತು ಬೋಂಡ ತಿಂತಿದಾಳೆ ಕಳ್ಳಿ!" ಎಂದು ಹಲ್ಲು ಕಚ್ಚಿ ನಕ್ಕರು. ನಾನೂ ಹೌದೌದು ಎಂದೆ. ಅಷ್ಟು ಹತ್ತಿರ ನಿಂತಿದ್ದೆ, ನನಗೂ ಹೊಳೆಯಲಿಲ್ಲ.

ಬೋಂಡ ಎಂದ ಕೂಡಲೇ ನನ್ನ ಅನುಮಾನ ದ್ಯಾವಕ್ಕನ ಮೇಲೆ ಹೋಯಿತು. ಲಟ್ಟಿಸುವ ಸಾಲಿನಲ್ಲಿ ಮೊದಲು ಕೂರುವವಳು, ಬಾಯಿಚಪಲಕ್ಕೆ ಹೆಸರಾದವಳು. ಕರೆಸಿ ಕೇಳಿದೆ. "ಬಲಗಡೆ ಪಕ್ಕೆಯಾ? ನನ್ನ ಪಕ್ಕೆಗೇನಾಗಿದೆ, ಒಳ್ಳೆ ಕಬ್ಬಿಣ ಇದ್ದ ಹಾಗಿದೆ" ಎಂದು ನನ್ನ ಕಣ್ಣೆದುರೇ ಗುದ್ದಿಕೊಂಡು ತೋರಿಸಿದಳು. ಆಮೇಲೆ ಗಿರಿಜೆ. ಮಾಳಿಗೆಯ ಕೆಲಸದವಳು, ಸಣಕಲು. ನೀನು ಎರಡು ದಿನ ಮನೆಯಲ್ಲಿದ್ದು ಮಲಗು ಎಂದೆ. ಅವಳಿಗೆ ಸಿಟ್ಟು ನೆತ್ತಿಗೇರಿತು. "ಮೊನ್ನೆ ನಿಮಗೆ ಕಾಲುರಿ ಬಂದಾಗ್ಲೂ ನನ್ನೇ ಮನೆಗೆ ಕಳಿಸಿದ್ರಿ. ಆ ಕಾಲು ನನ್ನ ಜೊತೆ ಹರವೋ ಮಂಗಳಿದು ಯಜಮಾನ್ರೇ. ನಿಮಗೆ ನಮ್ಮ ನೋವು ಬಂದ್ರೂ ನಾವು ಯಾರು ಅಂತ ಗೊತ್ತಾಗಲ್ಲ" ಎಂದು ಬಿಟ್ಟಳು. ಮಾತು ನಿಜವಾಗಿತ್ತು. ಹದಿನೆಂಟು ನೋವು ನನ್ನ ಮೈಯೊಳಗೆ ಹೆಸರಿಲ್ಲದೆ ಓಡಾಡುತ್ತಿದ್ದವು. ಚೆನ್ನಾಜಮ್ಮನ ಹಾಗೆ ಬಾರಪ್ಪ ಎಂದು ಕರೆಯಲು ನನಗೆ ಬರುತ್ತಿರಲಿಲ್ಲ.

ಈರಭದ್ರ ಒಂದು ಉಪಾಯ ಹೇಳಿದ. "ಎಲ್ರಿಗೂ ಇನ್ನೊಂದ್ಸಲ ಕೊಟ್ಟುಬಿಡಿ. ಅವ್ವನ ಮುಂದೇನೇ. ಯಾರೂ ಮೋಸ ಮಾಡಕ್ಕಾಗಲ್ಲ." ಆಗಲಿ ಎಂದು ಮರುದಿನ ಮತ್ತೆ ಹದಿನೆಂಟು ಎಲೆ ತರಿಸಿದೆ. ಒಬ್ಬೊಬ್ಬರೂ ಬಂದು, ತೆಗೆದುಕೊಂಡು, ಅಲ್ಲೇ ಅಗಿದು, ಬಾಯಿ ತೆರೆದು ಚೆನ್ನಾಜಮ್ಮನಿಗೆ ತೋರಿಸಿ ಹೋದರು. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ನೀನಾ? ನೀನೇನಾ ನನ್ನ ಜೊತೆ ಉಳಿದವಳು? ಎಂದು ಕೇಳುವ ಹಾಗಿತ್ತು. ಸಂಜೆ ದೀಪ ಹಚ್ಚಿದೆವು. ಹದಿನೆಂಟೂ ನನ್ನ ಕಡೆ ಬಂದವು. ಚೆನ್ನಾಜಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ, "ಇಲ್ಲೇ ಇದೆ. ಕದಲಿಲ್ಲ" ಎಂದರು. ತುಟಿ ಬೆಳ್ಳಗಾಗಿತ್ತು. ಯಾರೂ ಮನೆಗೆ ಹೋಗದೆ ಜಗಲಿಯ ಕೆಳಗೆ ತಪ್ಪು ಮಾಡಿದವರ ಹಾಗೆ ನಿಂತೇ ಇದ್ದರು.

ಮರುದಿನ ಬೆಳಿಗ್ಗೆ ನಾನು ಅವರ ಮಾತು ಕೇಳದೆ ಡಾಕ್ಟರ್ ಶಂಭುಲಿಂಗಯ್ಯನವರ ಹತ್ತಿರ ಕರೆದುಕೊಂಡು ಹೋದೆ. "ನನ್ನ ಯಾಕೆ ಕರ್ಕೊಂಡು ಹೋಗ್ತೀರಿ? ಹೊತ್ತವರಿಗೆ ಔಷಧಿ ಕೊಟ್ರೆ ಏನು ಬಂತು?" ಎಂದು ದಾರಿಯುದ್ದಕ್ಕೂ ಗೊಣಗಿದರು. ನಿಮ್ಮನ್ನು ನೋಡಿಯಾದರೂ ಅದು ಯಾವ ಕಾಯಿಲೆ ಎಂದು ಹೇಳಲಿ, ಹುಡುಕುವುದು ಸುಲಭವಾಗುತ್ತದೆ ಎಂದು ಸಮಾಧಾನ ಹೇಳಿದೆ. ನಮ್ಮೂರಿನ ಡಾಕ್ಟರುಗಳು ಬಂದವರನ್ನು ಮೊದಲು ಕೇಳುವ ಪ್ರಶ್ನೆ ಒಂದೇ. ಶಂಭುಲಿಂಗಯ್ಯನವರು ಕನ್ನಡಕ ಸರಿಮಾಡಿಕೊಂಡು, "ನೋವು ನಿಮ್ಮದಾ, ನಿಮ್ಮವರದಾ?" ಎಂದರು.

ಪ್ರಶ್ನೆ ಮುಗಿಯುವ ಮೊದಲೇ ಚೆನ್ನಾಜಮ್ಮ, "ನಮ್ಮವರದ್ದು" ಎಂದರು.

ಡಾಕ್ಟರರು ಪೆನ್ನು ಮುಚ್ಚಿದರು. "ಹಾಗಾದ್ರೆ ಅವರನ್ನೇ ಕಳಿಸಿ. ನಾಲ್ಕೈದು ವರ್ಷದ ಹಿಂದೆ ಒಂದ್ಸಲ ಬಂದಾಗ್ಲೂ ಇದೇ ಹೇಳಿದ್ದೆ ನಿಮಗೆ. ಬಲಗಡೆ ಪಕ್ಕೆ ಅಂದಿದ್ರಿ ಅಲ್ವಾ?"

ಚೆನ್ನಾಜಮ್ಮ ಸೆರಗು ಹೊದ್ದು ಏಳತೊಡಗಿದ್ದರು. ನಾನು ಮಾತ್ರ ಕೂತಲ್ಲೇ ಕೂತಿದ್ದೆ. ನಾಲ್ಕೈದು ವರ್ಷ. ಆಗಿನ ಹದಿನೆಂಟು ಜನರಲ್ಲಿ ಅರ್ಧ ಜನ ಈಗ ಇಲ್ಲವೇ ಇಲ್ಲ. ಮದುವೆಯಾಗಿ ಹೋದರು, ಊರು ಬಿಟ್ಟರು, ಇಬ್ಬರು ತೀರಿಕೊಂಡರು. ನೋವು ಮಾತ್ರ ಅದೇ ಜಾಗದಲ್ಲಿ ಅದೇ ನೋವು. ಮೊನ್ನೆಯ ಹಪ್ಪಳದ ತಟ್ಟೆ ಆಗ ನೆನಪಾಯಿತು.

"ಡಾಕ್ಟ್ರೇ, ಒಂದ್ಸಲ ಅಲ್ಲಿ ಒತ್ತಿ ನೋಡಿ" ಎಂದೆ.

"ಅಯ್ಯೋ ಬೇಡಪ್ಪ! ಇನ್ನೊಬ್ಬರ ಮೈ" ಎಂದು ಚೆನ್ನಾಜಮ್ಮ ಎರಡೂ ಕೈ ಅಡ್ಡ ಹಿಡಿದರು. ಇಪ್ಪತ್ತು ವರ್ಷ ಒಮ್ಮೆಯೂ ಆ ಜಾಗವನ್ನು ಮುಟ್ಟಿ ನೋಡಿರಲಿಲ್ಲ ಆ ಪುಣ್ಯಾತ್ಗಿತ್ತಿ. ಡಾಕ್ಟರರು ನನ್ನ ಮುಖ ನೋಡಿದರು, ಅವರಿಗೂ ಅರ್ಥವಾಯಿತು. ಮೆಲ್ಲಗೆ ಆ ಕೈಗಳನ್ನು ಸರಿಸಿ, ಪಕ್ಕೆಲುಬಿನ ಕೆಳಗೆ ಎರಡು ಬೆರಳಿಟ್ಟು ಒತ್ತಿದರು. ಚೆನ್ನಾಜಮ್ಮ ಕಿಟಾರನೆ ಕಿರುಚಿದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು.

"ಇದು ನಿಮ್ಮದೇ ತಾಯಿ" ಎಂದರು ಡಾಕ್ಟರರು. "ಪಿತ್ತಕೋಶದಲ್ಲಿ ಕಲ್ಲು. ಬಹಳ ವರ್ಷದ್ದು. ಆಪರೇಷನ್ ಮಾಡಿದ್ರೆ ಸರಿಹೋಗ್ತದೆ. ಆದ್ರೆ ರಕ್ತ ಕಡಿಮೆಯಿದೆ, ಒಂದು ತಿಂಗಳು ಮದ್ದು ತಗೊಂಡು ಚೇತರಿಸ್ಕೊಳ್ಳಿ. ಅಲ್ಲಿವರೆಗೆ ನೋವು ಇರ್ತದೆ. ತಡ್ಕೋಬೇಕು."

ಬದುಕುತ್ತೀರಿ ಎಂದು ಹೇಳಿದರೆ ಯಾರಾದರೂ ಖುಷಿಪಡುತ್ತಾರೆ. ಚೆನ್ನಾಜಮ್ಮ ಪಡಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಬೀದಿ ನೋಡುತ್ತ, "ಹಾಗಾದ್ರೆ ಯಾರೂ ಉಳಿದಿರಲಿಲ್ಲ" ಎಂದರು.

ಇಪ್ಪತ್ತು ವರ್ಷ ಒಳಗೆ ಕೂತು ಕುಡಿದ ಕಾಫಿಯೆಲ್ಲ ಆಗ ಕಹಿಯಾಯಿತು ಎಂದರೆ ಸುಳ್ಳಲ್ಲ. ಈ ಹೆಂಗಸು ನಮ್ಮೆಲ್ಲರ ನೋವಿನ ಅಡಿಯಲ್ಲಿ ತನ್ನದನ್ನು ಕಳೆದುಕೊಂಡಿದ್ದರು. ಸಿಕ್ಕಾಗ ಅದು ತನ್ನದೆಂದು ಗುರುತು ಹಿಡಿಯಲಿಲ್ಲ, ಯಾರದೋ ಪ್ರೀತಿ ಎಂದುಕೊಂಡು ಜೋಪಾನ ಮಾಡಿದರು. ಅವರನ್ನು ಮನೆಯವರೆಗೆ ಬಿಟ್ಟು ಬಂದೆ.

ಆ ಸಂಜೆ ಒಂದು ವೀಳ್ಯ ಮಡಿಸಿಕೊಂಡು ಅವರ ಮನೆಗೆ ಹೋದೆ. ಹಾಸಿಗೆಯಲ್ಲಿ ಮುದುಡಿಕೊಂಡಿದ್ದವರು ನನ್ನನ್ನು ನೋಡಿ ಎದ್ದು ಕೂತರು. ಕೈಯಲ್ಲಿ ಎಲೆ ಕಂಡದ್ದೇ ಮುಖ ಬಿಗಿಯಿತು. "ನಾನು ಹುಟ್ಟಿದಾಗಿಂದ ಯಾರ ಕೈಲೂ ವೀಳ್ಯ ತಗೊಂಡೋಳಲ್ಲ ಯಜಮಾನ್ರೇ. ಕೊಟ್ಟೋಳು. ಮತ್ತೆ, ಕನಿಕರಕ್ಕೆ ಕೊಟ್ಟ ವೀಳ್ಯ ನಿಲ್ಲಲ್ಲ. ಕೆಲಸ ಇರಬೇಕು."

"ಕೆಲಸ ಇದೆ."

"ಏನು ಕೆಲಸ? ಈ ಕೈಲಿ ಇನ್ನು ಲಟ್ಟಿಸಕ್ಕಾಗ್ತದಾ?"

"ನನ್ನ ಎಡ ಮಂಡಿ ಹಿಡಿದಿದೆ ಚೆನ್ನಾಜಮ್ಮ. ಯಾರದ್ದು ಅಂತ ಗೊತ್ತಾಗ್ತಿಲ್ಲ."

ಬಿಗಿದ ಮುಖದಲ್ಲೇ ಕೇಳಿದರು, "ಕೂರುವಾಗ ಹೆಚ್ಚೋ, ಏಳುವಾಗ ಹೆಚ್ಚೋ?"

"ಏಳುವಾಗ."

"ಹಾಗಾದ್ರೆ ದ್ಯಾವಕ್ಕಂದು. ಮಂಗಳಿದಾದ್ರೆ ಕೂರುವಾಗ. ಕತ್ತು ಏನಾದ್ರೂ ಎಳೀತದಾ?"

"ಎಳೀತಿದೆ. ಬಲಕ್ಕೆ ತಿರುಗಿಸಿದ್ರೆ."

"ಗಿರಿಜೆ. ಮಗೂನ ಆ ಕಡೆ ಹಾಕ್ಕೊಂಡು ಮಲಗ್ತಾಳೆ. ಬೈಯಬೇಡಿ, ಸುಮ್ನೆ ಒಂದು ದಿಂಬು ಕೊಡಿಸಿ." ಹೇಳುತ್ತ ಹೇಳುತ್ತ ಕಾಲು ಕೆಳಗಿಳಿಬಿಟ್ಟು ಕೂತಿದ್ದರು. ಕಣ್ಣಿಗೆ ಹೊಳಪು ಬಂದಿತ್ತು.

"ಇದೇ ಕೆಲಸ" ಎಂದೆ. "ದಿನಾ ಸಂಜೆ ನನ್ನ ಪಕ್ಕ ಕೂತು ಯಾವುದು ಯಾರದ್ದು ಅಂತ ಹೇಳಬೇಕು. ಇಲ್ಲದಿದ್ರೆ ನಾನು ದಿನಕ್ಕೊಬ್ಬರನ್ನ ಸುಮ್ಮಸುಮ್ಮನೆ ಮನೆಗೆ ಕಳಿಸ್ತಾ ಇರ್ತೀನಿ. ಇದು ನಮ್ಮ ಕಾರ್ಖಾನೆಯ ಮುಖ್ಯ ಕೆಲಸ. ಗುತ್ತಿಗೆಗೆ ಕೊಡೋ ಹಾಗಿಲ್ಲ, ನಾನೇ ಕೊಡಬೇಕು."

ಅವರು ಎಲೆಯನ್ನೇ ನೋಡುತ್ತಿದ್ದರು. "ದೊಡ್ಡ ನೋವಪ್ಪ ಇದು. ನಿಮ್ಮ ಕೈಲಿ ಆಗಲ್ಲ" ಎಂದರು, ಮಗನಿಗೆ ಹೇಳುವ ಹಾಗೆ. ಆಗದಿದ್ದರೆ ಕಿರುಚುತ್ತೇನೆ ಎಂದೆ. ಆ ದಿನ ಮೊದಲ ಸಲ ನಕ್ಕರು. ಕೈಯನ್ನು ಸೀರೆಗೆ ಒರೆಸಿಕೊಂಡು ನೀಡಿದರು. ಜೀವಮಾನವಿಡೀ ಕೊಟ್ಟ ಕೈಗೆ ತೆಗೆದುಕೊಳ್ಳುವಾಗ ಅಂಗೈ ಮೇಲೆ ಮಾಡಬೇಕು ಎಂದು ಗೊತ್ತಿರಲಿಲ್ಲ. ನಾನೇ ತಿರುಗಿಸಿ ಎಲೆಯಿಟ್ಟೆ.

ಮರುದಿನ ಸಂಜೆ ಜಗಲಿಯ ಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂತೆವು. ಸುನಂದಾ ದೀಪ ಹಚ್ಚಿದಳು. ಮಣಿಕಟ್ಟು ಬಂತು, ಹೆಸರು ಹೇಳಿದರು. ಸೊಂಟ ಬಂತು, ಹೆಸರು ಹೇಳಿ, ಅವಳ ಗಂಡನ ಸಮಾಚಾರವನ್ನೂ ಹೇಳಿದರು. ಈರಭದ್ರನ ಭುಜವನ್ನು ನಾನೇ ಗುರುತಿಸಿ, ಬಾರಪ್ಪ ಎಂದೆ. ಕೆಳಗೆ ನಿಂತಿದ್ದ ಅವನು ನಾಚಿಕೊಂಡ. ಹದಿನೆಂಟೂ ಆದವು. ಆಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಅದು ಮೆಲ್ಲಗೆ ಶುರುವಾಯಿತು. ಬೆನ್ನಿಗೆ ಹೋಯಿತು, ಅಲ್ಲಿಂದ ಹೆಗಲಿಗೆ ಏರಿತು. ಉಳಿದ ಹದಿನೆಂಟನ್ನೂ ಕೂಡಿಸಿದರೆ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ನಾನು ಎರಡಾಗಿ ಮಡಚಿಹೋದೆ. ಬಂತು ಚೆನ್ನಾಜಮ್ಮ, ನಿಮ್ಮದು ಬಂತು ಎಂದು ಹೇಳೋಣವೆಂದು ತಿರುಗಿ ನೋಡಿದರೆ, ಅವರು ಕಂಬಕ್ಕೆ ತಲೆಯಿಟ್ಟು, ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಲು ಬಂದ ಸುನಂದಾಳನ್ನು ಕೈಸನ್ನೆ ಮಾಡಿ ತಡೆದೆ. ಕೆಳಗೆ ಹದಿನೆಂಟು ಜನವೂ ಉಸಿರು ಬಿಗಿಹಿಡಿದು ನಿಂತಿದ್ದರು. ಬಾಯಿಗೆ ಬಂದ ಕೂಗನ್ನು ಅಂಗವಸ್ತ್ರದಲ್ಲಿ ಒತ್ತಿ ಹಿಡಿದು, ಅವರಿಗೆ ಎಚ್ಚರವಾಗದ ಹಾಗೆ ಅಲ್ಲೇ ಕೂತಿದ್ದೆ.